ಕಣದ ಅನಾಹುತಗಳೂ ಯಜಮಾನರ ಹೊಣೆಯೂ

ಸುಗ್ಗಿಯ ಕಾಲದಲ್ಲಿ ಒಕ್ಕಣೆಯ ಯಂತ್ರಕ್ಕೆ ಕೂಲಿಯಾಳಿನ ಕೈ ಸಿಕ್ಕಿತೆಂಬ ಸುದ್ದಿ ಹಬ್ಬಿದರೆ, ಗ್ರಾಮದಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುವುವು. ಮೊದಲನೆಯದು, "ಪಾಪ, ಅವನ ಹಣೆಯ ಬರಹ" ಎಂಬುದು. ಎರಡನೆಯದು, "ಎಚ್ಚರ ತಪ್ಪಿದ, ಅನುಭವಿಸಿದ" ಎಂಬುದು. ಈ ಎರಡು ಮಾತುಗಳೂ ಹೊರನೋಟಕ್ಕೆ ಬೇರೆಬೇರೆಯಾಗಿ ತೋರಿದರೂ ಫಲದಲ್ಲಿ ಒಂದೇ ಆಗಿವೆ. ಎರಡರಲ್ಲಿಯೂ ಕಣದ ಯಜಮಾನನು ಮಾಡತಕ್ಕ ಕೆಲಸವೇನೂ ಉಳಿಯುವುದಿಲ್ಲ. ಗಾಯಪಟ್ಟವನನ್ನು ಆಸ್ಪತ್ರೆಗೆ ಸಾಗಿಸಿ, ಕೈಲಾದಷ್ಟು ಹಣ ಕೊಟ್ಟು, ರಕ್ತ ಬಿದ್ದ ಕಡೆ ನೀರು ಹೊಯ್ದು, ಮರುದಿನ ಅದೇ ಯಂತ್ರವನ್ನು ಅದೇ ಸ್ಥಿತಿಯಲ್ಲಿಯೇ ನಡೆಯಿಸುವರು.

ಕೂಲಿಯವನಿಗೆ ಬಲಗೈ ಹೋಯಿತೆಂದರೆ ಏನು ಹೋಯಿತೆಂಬುದನ್ನು ಗ್ರಾಮಸ್ಥರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಕುಡುಗೋಲು, ಗುದ್ದಲಿ, ಮಿಣಿ, ನೇಗಿಲಿನ ಮೇಣಿ, ಇವೆಲ್ಲವೂ ಒಂದೇ ಗಳಿಗೆಯಲ್ಲಿ ಅವನಿಂದ ದೂರವಾಗುವುವು. ಓದುತ್ತಿದ್ದ ಹುಡುಗನು ಪಾಠಶಾಲೆಯನ್ನು ಬಿಟ್ಟು ಕೂಲಿಗೆ ಹೊರಡುವನು. ಸಾಲವು ಮನೆಯೊಳಕ್ಕೆ ಬಂದು ಕುಳಿತುಕೊಳ್ಳುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಲೋಕದ ಅತ್ಯಂತ ಅಪಾಯಕರವಾದ ಉದ್ಯೋಗಗಳೆಂದು ಗಣಿಕೆಲಸ, ಕಟ್ಟಡದ ಕೆಲಸಗಳೊಡನೆ ಬೇಸಾಯವನ್ನೂ ಎಣಿಸಿದೆ. ಆದರೆ ಗಣಿಗೂ ಕಾರ್ಖಾನೆಗೂ ತನಿಖೆಯ ಅಧಿಕಾರಿಗಳು ಹೋಗುವರು; ಕಣಕ್ಕೆ ಹೋಗುವವರು ಯಾರೂ ಇಲ್ಲ. ಕಣದಲ್ಲಿ ಅಧಿಕಾರವುಳ್ಳವನು ಯಜಮಾನನೊಬ್ಬನೇ. ಆದುದರಿಂದ ಈ ವಿಷಯದಲ್ಲಿ ಹೇಳಬೇಕಾದುದನ್ನು ಕೂಲಿಯಾಳುಗಳಿಗಿಂತ ಮೊದಲು ಯಜಮಾನರಿಗೂ ಗ್ರಾಮದ ಮುಖಂಡರಿಗೂ ಹೇಳುವುದು ಯುಕ್ತವಾಗಿದೆ.

ನಮ್ಮ ಹಿರಿಯರು ಅಪಾಯವನ್ನೆಲ್ಲ ಹಣೆಯ ಬರಹಕ್ಕೆ ಒಪ್ಪಿಸಿ ಸುಮ್ಮನಿದ್ದವರಲ್ಲ. ಇದಕ್ಕೆ ರಾಗಿಯ ಹಗೇವೇ ಸಾಕ್ಷಿ. ನೆಲದಲ್ಲಿ ಆಳವಾಗಿ ತೋಡಿ, ಕಿರಿದಾದ ಬಾಯಿ ಬಿಟ್ಟು, ರಾಗಿಯನ್ನು ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿಡುತ್ತಿದ್ದ ಆ ಪದ್ಧತಿಯು ಈಗ ಬಹುಮಟ್ಟಿಗೆ ನಿಂತುಹೋಗಿದೆ. ಒಳಗಿರುವ ಕಾಳು ಉಸಿರಾಡುವುದರಿಂದ ಹಗೇವಿನಲ್ಲಿರುವ ಆಮ್ಲಜನಕವು ಕ್ಷಯಿಸಿ, ಗಾಳಿಗಿಂತ ಭಾರವಾದ ಇಂಗಾಲಾಮ್ಲವಾಯುವು ತುಂಬಿಕೊಳ್ಳುವುದು. ಬಾಯಿ ತೆಗೆದ ಕೂಡಲೆ ಇಳಿದವನು ಮೇಲಕ್ಕೆ ಬರುತ್ತಿರಲಿಲ್ಲ. ಹಿರಿಯರಿಗೆ ಈ ವಾಯುವಿನ ಹೆಸರು ತಿಳಿದಿರಲಿಲ್ಲ. ಆದರೆ ಬಾಯಿ ತೆಗೆದು ಬಹಳ ಹೊತ್ತು ಹಾಗೆಯೇ ಬಿಡಬೇಕು, ಅನಂತರ ದೀಪವನ್ನು ಇಳಿಬಿಟ್ಟು ನೋಡಬೇಕು, ದೀಪವು ನಂದಿದರೆ ಯಾರೂ ಇಳಿಯಬಾರದು ಎಂಬ ಕಟ್ಟನ್ನು ಅವರು ಮಾಡಿಕೊಂಡಿದ್ದರು. ಇಳಿಯುವ ಆಳಿಗೆ "ಹುಷಾರಾಗಿ ಇಳಿಯಪ್ಪ" ಎಂದು ಬುದ್ಧಿ ಹೇಳಿ ಅವರು ತಮ್ಮ ಹೊಣೆಯನ್ನು ಮುಗಿಸಲಿಲ್ಲ. ಹುಷಾರಾಗಿದ್ದವನೂ ವಿಷದ ಗಾಳಿಯಲ್ಲಿ ಸಾಯುವನೆಂಬುದನ್ನು ಅವರು ಬಲ್ಲವರಾಗಿದ್ದರು. ಹಗೇವಿಗೆ ಇಂಥ ಕಟ್ಟು ಇದ್ದ ಗ್ರಾಮದಲ್ಲಿಯೇ ಇಂದು ಒಕ್ಕಣೆಯ ಯಂತ್ರಕ್ಕೆ ಯಾವ ಕಟ್ಟೂ ಇಲ್ಲದಿರುವುದು ವಿಚಾರ ಮಾಡತಕ್ಕ ಸಂಗತಿಯಾಗಿದೆ.

ಗುಂಡುಕಲ್ಲನ್ನು ಕಟ್ಟಿ ಎತ್ತುಗಳನ್ನು ಸುತ್ತಿಸುತ್ತಿದ್ದ ಕಾಲದಲ್ಲಿ ಎತ್ತು ತನ್ನ ಮುಂದೆ ಬಿದ್ದವನನ್ನು ಕಂಡು ನಿಲ್ಲುತ್ತಿತ್ತು. "ಹೋ" ಎಂದರೆ ಕೇಳುತ್ತಿತ್ತು. ಯಂತ್ರಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಒಕ್ಕಣೆಯ ಯಂತ್ರದೊಳಗೆ ಮೊಳೆಗಳನ್ನೋ ಅಲಗುಗಳನ್ನೋ ಜೋಡಿಸಿದ ಕಬ್ಬಿಣದ ಉರುಳೆಯೊಂದು ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿರುವುದು. ಆಳು ಯಂತ್ರದ ಬಾಯಿಯ ಮುಂದೆ ನಿಂತು ಪೈರಿನ ಹಿಡಿಯನ್ನು ಒಳಕ್ಕೆ ನೂಕುವನು. ಚೆನ್ನಾಗಿ ಒಣಗಿದ ಪೈರಾದರೆ ತಾನಾಗಿ ಒಳಗೆ ಹೋಗುವುದು. ಇಬ್ಬನಿ ಬಿದ್ದು ತೇವವಾದ ಪೈರಾಗಲಿ ಗಿಡ್ಡನೆಯ ಪೈರಾಗಲಿ ಬಾಯಿಯಲ್ಲಿ ಕಟ್ಟಿಕೊಳ್ಳುವುದು. ಆಗ ಅಂಗೈಯಿಂದ ಒತ್ತಿ ನೂಕುವುದು ಮನುಷ್ಯಸಹಜ. ಕಟ್ಟಿಕೊಂಡಿದ್ದ ಪೈರನ್ನು ಉರುಳೆಯು ಥಟ್ಟನೆ ಸೆಳೆದುಕೊಂಡರೆ ಅದರೊಡನೆ ಕೈಯೂ ಹೋಗುವುದು. ಮುಷ್ಟಿಯನ್ನು ಬಿಚ್ಚುವಷ್ಟು ಅವಕಾಶವೂ ದೊರೆಯುವುದಿಲ್ಲ. ಮುಂಗೈಗೆ ಕಟ್ಟಿದ ದಾರ, ಕಡಗ, ಬಳೆ, ಸಡಿಲವಾದ ಅಂಗಿಯ ತೋಳು, ಇವು ಆ ಸೆಳೆತಕ್ಕೆ ಸಹಾಯವಾಗಿ ನಿಲ್ಲುವುವು.

ಈ ಅಪಾಯಕ್ಕೆ ಪರಿಹಾರವು ಬಹುಕಾಲದಿಂದ ತಿಳಿದಿದೆ. ಹಸಿರು ಕ್ರಾಂತಿಯ ಅನಂತರ ಉತ್ತರ ಹಿಂದೂಸ್ಥಾನದ ಗೋಧಿಯ ಸೀಮೆಯಲ್ಲಿ ಯಂತ್ರದ ಒಕ್ಕಣೆ ಹಬ್ಬಿ, ಕೈ ಕಳೆದುಕೊಂಡವರು ಹೆಚ್ಚಿದುದರಿಂದ, 1983ನೆಯ ಇಸವಿಯಲ್ಲಿ ಅಪಾಯಕರ ಯಂತ್ರಗಳ ನಿಯಂತ್ರಣದ ಶಾಸನವನ್ನು ಪಾರ್ಲಿಮೆಂಟು ಅಂಗೀಕರಿಸಿತು. ಒಕ್ಕಣೆಯ ಯಂತ್ರವನ್ನೇ ಮುಖ್ಯವಾಗಿ ಕುರಿತಿದ್ದ ಆ ಶಾಸನವು, ಯಂತ್ರದಲ್ಲಿ ದುಡಿಯುವಾಗ ಗಾಯಪಟ್ಟವನಿಗೂ ಸತ್ತವನ ಮನೆಯವರಿಗೂ ಪರಿಹಾರ ಸಲ್ಲತಕ್ಕ ವಿಷಯವನ್ನೂ ಒಳಗೊಂಡಿತ್ತು. ಯಂತ್ರದ ಬಾಯಿಗೆ ಜೋಡಿಸತಕ್ಕ ತಗಡಿನ ದೋಣಿಯ ಅಳತೆಯು ಭಾರತೀಯ ಮಾನಕದಲ್ಲಿ ಗೊತ್ತಾಗಿದೆ: ಉದ್ದವು 90 ಸೆಂಟಿಮೀಟರಿಗೆ ಕಡಮೆಯಿರಬಾರದು, ಅದರಲ್ಲಿ ಉರುಳೆಯ ಕಡೆಯ 45 ಸೆಂಟಿಮೀಟರಿನಷ್ಟಾದರೂ ಮೇಲೆ ಮುಚ್ಚಿರಬೇಕು. ನಮ್ಮ ಅಳತೆಯಲ್ಲಿ ಹೇಳುವುದಾದರೆ ದೋಣಿಯು ಎರಡು ಮೊಳ, ಮುಚ್ಚಳವು ಒಂದು ಮೊಳ. ಇದರ ತಾತ್ಪರ್ಯ ಸರಳವಾಗಿದೆ. ಬೆಳೆದ ಮನುಷ್ಯನ ತೋಳು ಸಾಮಾನ್ಯವಾಗಿ ಎರಡು ಮೊಳಕ್ಕಿಂತ ಗಿಡ್ಡ. ದೋಣಿಯ ಹೊರತುದಿಯಲ್ಲಿ ನಿಂತವನು ಎಷ್ಟೇ ಚಾಚಿದರೂ ಅವನ ಬೆರಳು ಉರುಳೆಯನ್ನು ಮುಟ್ಟಲಾರದು. ನಿದ್ದೆಗಣ್ಣಿನವನಿಗೂ, ಮೊದಲ ದಿನದ ಹುಡುಗನಿಗೂ, ಕುಡಿದು ಬಂದವನಿಗೂ ಆ ತಗಡು ಒಂದೇ ರೀತಿಯಲ್ಲಿ ಕಾವಲು ಕಾಯುವುದು. ಬುದ್ಧಿವಾದಕ್ಕೆ ಈ ಶಕ್ತಿಯಿಲ್ಲ.

ಹೀಗಿದ್ದರೂ ಅನೇಕ ಯಂತ್ರಗಳ ದೋಣಿಯನ್ನು ಗಿಡ್ಡಗೆ ಕತ್ತರಿಸಿರುವುದು, ಇಲ್ಲವೆ ಮುಚ್ಚಳವನ್ನು ಬಿಚ್ಚಿ ಎಸೆದಿರುವುದು ಕಂಡುಬರುತ್ತದೆ. ಕಾರಣ ಕೇಳಿದರೆ, "ಆಳುಗಳೇ ಬಿಚ್ಚಿದರು, ಕೆಲಸ ನಿಧಾನವಾಗುತ್ತದೆಯಂತೆ" ಎಂದು ಹೇಳುವರು. ಈ ಮಾತು ಸುಳ್ಳಲ್ಲ. ಆದರೆ ಅರ್ಧಕ್ಕೇ ನಿಂತಿದೆ. ಮೂಟೆಗೆ ಇಷ್ಟೆಂದು ಕೂಲಿ ಗೊತ್ತುಮಾಡಿದವರು ಯಾರು? ಮೋಡ ಕಟ್ಟಿತೆಂದೂ, ಬಾಡಿಗೆಯ ಯಂತ್ರವು ಬೆಳಗಾದರೆ ಮತ್ತೊಂದು ಊರಿಗೆ ಹೊರಡುವುದೆಂದೂ ಹೇಳಿ, ನಡುರಾತ್ರಿಯವರೆಗೆ ಒಂದೇ ದೀಪದ ಬೆಳಕಿನಲ್ಲಿ ಒಕ್ಕಿಸಿದವರು ಯಾರು? ಆಳು ಮುಚ್ಚಳ ಬಿಚ್ಚಿದುದು ಆ ಅವಸರಕ್ಕೆ ಅವನು ಕೊಟ್ಟ ಉತ್ತರವಲ್ಲದೆ ಬೇರೆಯಲ್ಲ. ಯಂತ್ರದ ಬಾಯಿಗೆ ನಿಲ್ಲುವವನಿಗೆ ಮೂಟೆಯ ಲೆಕ್ಕವನ್ನು ಬಿಟ್ಟು ದಿನಗೂಲಿ ಕೊಡುವುದೂ, ಗಂಟೆಗೊಮ್ಮೆ ಆ ಸ್ಥಳದಲ್ಲಿ ಆಳನ್ನು ಬದಲಾಯಿಸುವುದೂ, ದೀಪವನ್ನು ಆಳಿನ ಬೆನ್ನ ಹಿಂದೆ ಇಡದೆ ಬಾಯಿಯ ಮೇಲೆ ಬೆಳಕು ಬೀಳುವಂತೆ ಕಟ್ಟುವುದೂ ಯಜಮಾನನು ಮಾಡಬಹುದಾದ ಕೆಲಸಗಳು. ಇವುಗಳಿಗೆ ತಗಲುವ ವೆಚ್ಚವು ಒಂದು ಮೂಟೆ ರಾಗಿಯ ಬೆಲೆಯನ್ನು ಮೀರದು. ಒಂದು ದಿನದ ಆಸ್ಪತ್ರೆಯ ಖರ್ಚನ್ನು ಕಂಡವರಿಗೆ ಇದು ದುಬಾರಿಯೆಂದು ತೋರಲಾರದು.

"ಯಂತ್ರ ನನ್ನದಲ್ಲ, ಬಾಡಿಗೆಯದು" ಎಂಬ ಮತ್ತೊಂದು ಸಮಾಧಾನವೂ ಉಂಟು. ಯಂತ್ರವು ಬಾಡಿಗೆಯದಾದರೂ ಕಣವು ಯಾರದು? ಕೆಮ್ಮುವ ಎತ್ತನ್ನು ಕೊಟ್ಟಿಗೆಯ ಒಳಕ್ಕೆ ಬಿಡದಿರುವ ವಿವೇಕವುಳ್ಳ ರೈತನು, ಬಾಯಿ ತೆರೆದ ಯಂತ್ರವನ್ನು ಕಣದೊಳಕ್ಕೆ ಬಿಡುವುದು ಆಶ್ಚರ್ಯವೇ ಸರಿ. ಇಲ್ಲಿಯೇ ಗ್ರಾಮದ ಮುಖಂಡರ ಅಧಿಕಾರವು ಸಾರ್ಥಕವಾಗತಕ್ಕದ್ದು. ಒಬ್ಬ ರೈತನು ಬೇಡವೆಂದರೆ ಯಂತ್ರದವನು ಪಕ್ಕದ ಕಣಕ್ಕೆ ಹೋಗುವನು. ಎರಡು ಮೊಳದ ದೋಣಿಯೂ, ಬೆಲ್ಟಿಗೆ ಮರೆಯೂ, ದಂಡಕ್ಕೆ ಹೊದಿಕೆಯೂ ಇಲ್ಲದ ಯಂತ್ರಕ್ಕೆ ಈ ಊರಿನಲ್ಲಿ ಒಕ್ಕಣೆಯಿಲ್ಲವೆಂದು ಇಡೀ ಊರು ಕಟ್ಟು ಮಾಡಿದರೆ, ಅವನು ಒಂದು ವಾರದಲ್ಲಿ ತಗಡು ಹಾಕಿಸಿಕೊಂಡು ಬರುವನು. ಯಾವ ಹೋಬಳಿಯ ವೆಲ್ಡಿಂಗು ಅಂಗಡಿಯಲ್ಲಿಯಾದರೂ ಇದು ಅರ್ಧ ದಿನದ ಕೆಲಸ.

ದಂಡದ ಹೊದಿಕೆಯೆಂದುದರ ಕಾರಣವನ್ನು ಸ್ವಲ್ಪ ವಿವರಿಸಬೇಕಾಗಿದೆ. ಟ್ರ್ಯಾಕ್ಟರಿನ ಹಿಂದಿನಿಂದ ಹೊರಟು ಯಂತ್ರಕ್ಕೆ ಶಕ್ತಿ ಕೊಡುವ ಪಿ.ಟಿ.ಓ. ದಂಡವು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9 ಸುತ್ತು ತಿರುಗುವುದು. ಎರಡು ಅಂಗುಲ ದಪ್ಪದ ದಂಡವು ಹೀಗೆ ತಿರುಗಿದರೆ ಸೆಕೆಂಡಿಗೆ ನಾಲ್ಕೂವರೆ ಅಡಿಗಿಂತ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ಪಂಚೆಯ ಅಂಚೋ ಸೀರೆಯ ಸೆರಗೋ ತಗಲಿದುದು ಗೊತ್ತಾಗಿ ಕೂಗುವಷ್ಟರಲ್ಲಿ ಬಟ್ಟೆಯೆಲ್ಲ ಮುಗಿದು, ಅದರ ಹಿಂದೆ ದೇಹವು ಹೋಗುವುದು. ಬಿಚ್ಚಿದ ಜಡೆಯಿಂದ ಆಗುವ ಅನಾಹುತವನ್ನು ಇಲ್ಲಿ ಬರೆಯದಿರುವುದೇ ಲೇಸು. ಹೊಸ ದಂಡದೊಡನೆ ಬರುವ ಹೊದಿಕೆಯನ್ನು ಗ್ರೀಸು ಹಾಕಲು ತೊಡಕೆಂದು ಬಿಚ್ಚಿ ಅಟ್ಟದ ಮೇಲೆ ಎಸೆಯುವುದು ಸರ್ವತ್ರ ಕಂಡುಬರುವ ಅಭ್ಯಾಸ. ತಿರುಗುವ ದಂಡವನ್ನು ದಾಟಿ ಹೋಗುವುದನ್ನಂತೂ ಯಜಮಾನನು ತನ್ನ ಮಕ್ಕಳಿಗೂ ಆಳುಗಳಿಗೂ ಸಮನಾಗಿ ನಿಷೇಧಿಸತಕ್ಕದ್ದು.

ಮನುಷ್ಯನನ್ನು ತಿದ್ದುವುದಕ್ಕಿಂತ ಯಂತ್ರವನ್ನು ತಿದ್ದುವುದು ಹೆಚ್ಚು ಫಲಕಾರಿಯೆಂಬುದಕ್ಕೆ ಸ್ವೀಡನ್ ದೇಶದ ದೃಷ್ಟಾಂತವೊಂದು ಸಾಕು. ಅಲ್ಲಿ ಟ್ರ್ಯಾಕ್ಟರು ಮಗುಚಿ ಅದರ ಕೆಳಗೆ ಸಿಕ್ಕಿ ಸಾಯುವ ರೈತರು ಹೆಚ್ಚಾದುದರಿಂದ, 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಇರತಕ್ಕದ್ದೆಂದು ನಿಯಮ ಮಾಡಿದರು. ಮುಂದಿನ ದಶಕಗಳಲ್ಲಿ ಚೌಕಟ್ಟುಳ್ಳ ಟ್ರ್ಯಾಕ್ಟರುಗಳು ಹೆಚ್ಚುತ್ತ ಬಂದಂತೆ ಆ ಬಗೆಯ ಸಾವುಗಳು ಇಳಿಯುತ್ತ ಹೋಗಿ, ಕಡೆಗೆ ಅಪರೂಪವಾದುವು. ಸ್ವೀಡನ್ನಿನ ರೈತರು ಆ ಅವಧಿಯಲ್ಲಿ ನಮ್ಮವರಿಗಿಂತ ಜಾಣರಾದರೆಂದು ತಿಳಿಯಬೇಕಾದ ಕಾರಣವಿಲ್ಲ. ಟ್ರ್ಯಾಕ್ಟರುಗಳು ಮಗುಚುತ್ತಲೇ ಇದ್ದುವು. ಕೆಳಗಿದ್ದವನು ಬದುಕಿ ಹೊರಗೆ ಬಂದನು. ನಮ್ಮಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಇಬ್ಬರು ಮೂವರು ಹುಡುಗರನ್ನು ಕೂರಿಸಿಕೊಂಡು ಉಳುವುದನ್ನು ಕಂಡವರಿಗೆ, ಚೌಕಟ್ಟಿನ ಮಾತು ಇನ್ನೂ ದೂರವೆಂದು ತೋರೀತು. ಆ ಹುಡುಗರನ್ನು ಕೆಳಕ್ಕೆ ಇಳಿಸುವುದಕ್ಕೆ ಉಕ್ಕೇನೂ ಬೇಕಾಗಿಲ್ಲ.

ರಸ್ತೆಯ ಮೇಲಿನ ಒಕ್ಕಣೆಯ ವಿಷಯವನ್ನೂ ಇಲ್ಲಿಯೇ ಹೇಳಬಹುದು. ರಾಗಿ, ಹುರುಳಿ ಮೊದಲಾದುವನ್ನು ಟಾರು ರಸ್ತೆಯಲ್ಲಿ ಹರಡಿ, ಹೋಗಿಬರುವ ಗಾಡಿಗಳಿಂದ ಪುಕ್ಕಟೆಯಾಗಿ ಒಕ್ಕಿಸಿಕೊಳ್ಳುವ ಪದ್ಧತಿಯು ನಮ್ಮ ಸೀಮೆಯಲ್ಲಿ ಬಲವಾಗಿ ಬೇರೂರಿದೆ. ಎರಡು ಗಾಲಿಯ ಗಾಡಿಗಳು ಹುಲ್ಲಿನ ಮೇಲೆ ಜಾರಿ ಬೀಳುವುವು; ಹುರುಳಿಯ ಬಳ್ಳಿಯು ಕಾರುಗಳ ಅಚ್ಚಿಗೆ ಸುತ್ತಿಕೊಂಡು, ಕಾವೇರಿ ಬೆಂಕಿ ಹತ್ತುವುದೂ ಉಂಟು. ತೂರುವುದಕ್ಕೆ ರಸ್ತೆಯ ಮಧ್ಯದಲ್ಲಿ ಬೆನ್ನು ಮಾಡಿ ನಿಂತ ಹೆಂಗಸರ ಪಾಡು ಹೇಳತೀರದು. ಇದನ್ನು ಬರಿಯ ಗದರಿಕೆಯಿಂದ ನಿಲ್ಲಿಸಲಾಗದು. ರೈತನು ರಸ್ತೆಗೆ ಬಂದುದು ಅವನ ಕಣವು ಹೋದುದರಿಂದ. ಹಿಂದೆ ಊರ ಮುಂದೆ ಇದ್ದ ಕಣದ ಜಾಗಗಳು ನಿವೇಶನಗಳಾಗಿಯೂ ಒತ್ತುವರಿಯಾಗಿಯೂ ಹೋದುವು. ಗ್ರಾಮದಲ್ಲಿ ಉಳಿದಿರುವ ಸಾರ್ವಜನಿಕ ಭೂಮಿಯಲ್ಲಿ ಒಂದೆರಡು ಗಟ್ಟಿ ನೆಲದ ಕಣಗಳನ್ನು ಮುಖಂಡರು ಏರ್ಪಡಿಸಿಕೊಡುವವರೆಗೆ ದಂಡವೂ ಬೋರ್ಡುಗಳೂ ಹೆಚ್ಚು ಕೆಲಸ ಮಾಡಲಾರವು.

ಹಗೇವು ಹೋಯಿತೆಂದು ವಿಷದ ಗಾಳಿಯು ಹೋಗಲಿಲ್ಲ. ಬಹುದಿನ ಮುಚ್ಚಿದ್ದ ಬಾವಿ, ಗೋಬರ್ ಗ್ಯಾಸಿನ ಗುಂಡಿ, ಸಗಣಿಯ ನೀರು ನಿಲ್ಲುವ ತೊಟ್ಟಿ, ಇವುಗಳಲ್ಲಿ ಅದು ಈಗಲೂ ಕಾದಿದೆ. ಬಾವಿಯೊಳಗೆ ಎಣ್ಣೆಯ ಇಂಜಿನನ್ನು ಇಳಿಸಿ ನಡೆಯಿಸಿದರೆ ಅದರ ಹೊಗೆಯಲ್ಲಿರುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಿರಿಯರ ದೀಪದ ಪರೀಕ್ಷೆಯು ಇಲ್ಲಿ ಸಾಲದೆಂಬುದನ್ನು ಮುಖ್ಯವಾಗಿ ತಿಳಿಯಬೇಕು. ಆಮ್ಲಜನಕವು ಕಡಮೆಯಾದುದನ್ನು ದೀಪವು ತೋರಿಸುವುದೇ ಹೊರತು, ಸಗಣಿಯ ಗುಂಡಿಯಲ್ಲಿ ಹುಟ್ಟುವ ಗಂಧಕದ ವಿಷವಾಯುವನ್ನು ತೋರಿಸುವುದಿಲ್ಲ. ಗೋಬರ್ ಗ್ಯಾಸಿನ ಹತ್ತಿರ ದೀಪವನ್ನು ಒಯ್ಯುವುದಂತೂ ಬೆಂಕಿಯನ್ನು ಕರೆದಂತೆ. ಅಂಥ ಗುಂಡಿಗೆ ಮನುಷ್ಯನನ್ನು ಇಳಿಸಲೇಬಾರದು. ಇಂಥ ಸ್ಥಳಗಳಲ್ಲಿ ಒಬ್ಬನೇ ಸಾಯುವುದು ಅಪರೂಪ. ಬಿದ್ದ ತಂದೆಯನ್ನು ಎತ್ತಲು ಮಗನೂ, ಮಗನನ್ನು ಎತ್ತಲು ನೆರೆಯವನೂ ಇಳಿದು ಮೂವರೂ ಹೋಗುವರು. ಬಾವಿಗೆ ಇಳಿಯುವವನ ಸೊಂಟಕ್ಕೆ ಮೊದಲೇ ಹಗ್ಗವನ್ನು ಬಿಗಿದು, ಮೇಲೆ ಇಬ್ಬರು ಹಿಡಿದು ನಿಂತಿದ್ದರೆ, ಎರಡನೆಯವನು ಇಳಿಯುವ ಪ್ರಮೇಯವೇ ಬರುವುದಿಲ್ಲ.

ಕೀಟನಾಶಕಗಳ ವಿಷಯದಲ್ಲಿ ಹೇಳತಕ್ಕದ್ದು ಬಹಳವಿದ್ದರೂ, ಇಲ್ಲಿ ಯಜಮಾನನಿಗೆ ಸೇರಿದಷ್ಟನ್ನು ಮಾತ್ರ ಸೂಚಿಸಬಹುದು. ಡಬ್ಬಿಯ ಮೇಲೆ ಮೂಲೆಯೂರಿ ನಿಂತ ಚೌಕವೊಂದಿದ್ದು, ಅದರ ಕೆಳಗಿನ ಅರ್ಧಕ್ಕೆ ಬಣ್ಣ ಹಾಕಿರುವರು. ಕೆಂಪು ಅತ್ಯಂತ ಉಗ್ರವಾದ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಮೆ, ಅನಂತರ ನೀಲಿ, ಕಡೆಯದು ಹಸಿರು. ಅಂಗಡಿಯಲ್ಲಿ ಬಣ್ಣವನ್ನು ಆರಿಸುವವನು ಯಜಮಾನನು. ಬೆನ್ನಿಗೆ ಡಬ್ಬವನ್ನು ಕಟ್ಟಿಕೊಳ್ಳುವವನು ಆಳು. 2017ರ ಮುಂಗಾರಿನ ಬೆಳೆಯಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಔಷಧ ಸಿಂಪಡಿಸಿದವರಲ್ಲಿ 20ರಷ್ಟು ಮಂದಿ ಸತ್ತು, ನೂರಾರು ಮಂದಿ ಆಸ್ಪತ್ರೆಯನ್ನು ಸೇರಿದರು. ವಿಷವು ಬಾಯಿಯಿಂದಲೇ ಹೋಗಬೇಕೆಂಬುದಿಲ್ಲ. ಬೆವರಿದ ಚರ್ಮದಿಂದಲೂ ಒಳಗೆ ಇಳಿಯುವುದು. ಆದುದರಿಂದ ಎದುರುಗಾಳಿಯಲ್ಲಿ, ಸುಡುಬಿಸಿಲಿನಲ್ಲಿ, ಎದೆಯೆತ್ತರದ ಪೈರಿನ ನಡುವೆ ಸಿಂಪಡಿಸಲು ಆಳನ್ನು ಕಳುಹಿಸತಕ್ಕದ್ದಲ್ಲ. ಹೊಲದ ಬದುವಿನಲ್ಲಿ ಸಾಬೂನೂ ಎರಡು ಕೊಡ ನೀರೂ ಇಲ್ಲದ ದಿನ ಸಿಂಪಡಿಸುವ ಕೆಲಸವನ್ನು ಮುಂದಕ್ಕೆ ಹಾಕುವುದು ಒಳ್ಳೆಯದು. ಆಳಿಗೆ ತಲೆ ಸುತ್ತು, ವಾಂತಿ, ಕಣ್ಣು ಮಂಜು ಕಂಡರೆ ಅವನೊಡನೆ ಆ ಡಬ್ಬಿಯನ್ನೂ ವೈದ್ಯರ ಬಳಿಗೆ ಒಯ್ಯಬೇಕು; ಯಾವ ವಿಷವೆಂದು ತಿಳಿಯದೆ ಅವರು ಕಾಲ ಕಳೆಯುವಂತೆ ಆಗಬಾರದು.

ಮಲೆನಾಡಿನ ಅಡಿಕೆಯ ತೋಟದ ಅಪಾಯವು ಬೇರೆ ಬಗೆಯದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದು ಬೆಳೆಯನ್ನು ಉಳಿಸಿದರು. ಅಂದಿನಿಂದ ಬೆಳೆಯ ಕ್ಷೇಮವು ಮಳೆಗಾಲದಲ್ಲಿ ಮರವೇರುವವನ ಕಾಲಿನ ಮೇಲೆ ನಿಂತಿದೆ. ಪಾಚಿ ಕಟ್ಟಿದ, ಐವತ್ತು ಅಡಿಯ ಎತ್ತರದ, ಗಾಳಿಗೆ ಬಳುಕುವ ಮರದಿಂದ ಬಿದ್ದವನು ಸತ್ತರೆ ಸತ್ತನು. ಉಳಿದರೆ ಬೆನ್ನುಮೂಳೆ ಮುರಿದು ಜೀವಮಾನವೆಲ್ಲ ಹಾಸಿಗೆ ಹಿಡಿಯುವನು. ಮೊದಲನೆಯ ಸಿಂಪರಣೆಯನ್ನು ಮಳೆ ಹಿಡಿಯುವ ಮುನ್ನವೇ ಮುಗಿಸುವ ತೋಟದಲ್ಲಿ ಮರವು ಒಣಗಿರುವುದು, ಆಳಿಗೆ ಅವಸರವಿರುವುದಿಲ್ಲ. ಸುಣ್ಣ ತುತ್ತಗಳನ್ನು ತಡಮಾಡಿ ತರಿಸಿದ ಯಜಮಾನನು, ಅರಿಯದೆಯೇ ಆಳನ್ನು ಜಾರುವ ಮರಕ್ಕೆ ಹತ್ತಿಸುವನು. ನೆಲದ ಮೇಲೆ ನಿಂತು ಸಿಂಪಡಿಸುವುದಕ್ಕೂ ಕೊನೆ ಕೊಯ್ಯುವುದಕ್ಕೂ ಬರುವ ಹಗುರವಾದ ಕಾರ್ಬನ್ ಫೈಬರಿನ ದೋಟಿಗಳು ಈಗ ದೊರೆಯುತ್ತವೆ. ಬೆಲೆ ಹೆಚ್ಚೆಂಬುದು ನಿಜ. ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೆ ಭಾರವು ಹಂಚಿಹೋಗುವುದು. ಮರವೇರುವವರೇ ದೊರೆಯದಿರುವ ಈ ಕಾಲದಲ್ಲಿ ಅದು ಲಾಭದ ಮಾತೂ ಹೌದು.

ಪ್ರತಿಯೊಂದು ಗ್ರಾಮದಲ್ಲಿಯೂ ಮುಖಂಡರು ಒಂದು ಪುಸ್ತಕವನ್ನು ಇಡಬಹುದು. ಆ ವರುಷ ಗ್ರಾಮದಲ್ಲಿ ನಡೆದ ಅನಾಹುತಗಳನ್ನೂ, ಸ್ವಲ್ಪದರಲ್ಲಿ ತಪ್ಪಿದ ಅನಾಹುತಗಳನ್ನೂ ಅದರಲ್ಲಿ ಬರೆಯಿಸಬೇಕು. ತಪ್ಪು ಯಾರದೆಂದು ಬರೆಯುವುದು ಬೇಡ. ಹಾಗೆ ಬರೆದರೆ ಯಾರೂ ಬಂದು ಹೇಳರು. ಯಂತ್ರ ಯಾವುದು, ಹೊತ್ತು ಎಷ್ಟು, ದೋಣಿ ಇತ್ತೇ ಇರಲಿಲ್ಲವೇ, ಆ ಆಳು ಎಷ್ಟು ಗಂಟೆಯಿಂದ ನಿಂತಿದ್ದನು, ಇಷ್ಟು ಸಾಕು. ಸೆರಗು ಸಿಕ್ಕಿ ಹರಿದು ಪ್ರಾಣ ಉಳಿದ ಹೆಂಗಸಿನ ಸಂಗತಿಯು ದೇವರು ಕಾಪಾಡಿದನೆಂಬ ಮಾತಿನಲ್ಲಿ ಮುಗಿದುಹೋಗದೆ, ಆ ದಂಡಕ್ಕೆ ಹೊದಿಕೆ ಹಾಕಿಸುವ ಕೆಲಸದಲ್ಲಿ ಮುಗಿಯಬೇಕು. ಕೊಯ್ಲಿಗೆ ಒಂದು ತಿಂಗಳು ಇರುವಾಗ ಆ ಪುಸ್ತಕವನ್ನು ಊರ ಮುಂದೆ ಓದಿಸಿ, ಯಂತ್ರಗಳನ್ನು ಗೊತ್ತುಮಾಡಿಕೊಳ್ಳುವುದಕ್ಕೆ ಮೊದಲೇ ಕಟ್ಟನ್ನು ಮಾಡತಕ್ಕದ್ದು. ಆಳುಗಳ ಕಡೆಯ ಹಿರಿಯರನ್ನೂ ಹೆಂಗಸರನ್ನೂ ಆ ಸಭೆಗೆ ಕರೆಯದಿದ್ದರೆ ಪುಸ್ತಕದಲ್ಲಿ ನಿಜವು ಬರಲಾರದು.

ಇಷ್ಟೆಲ್ಲ ಮಾಡಿದರೂ ಒಂದೊಂದು ಸಲ ಅನಾಹುತ ನಡೆಯಬಹುದು. ಆಗ ಮೊದಲು ಯಂತ್ರವನ್ನು ನಿಲ್ಲಿಸಿ, ಬೆಲ್ಟನ್ನು ಕಳಚಿ, ಉರುಳೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಕೈಯನ್ನು ಬಿಡಿಸಬೇಕು, ಜಗ್ಗಿ ಎಳೆಯಬಾರದು. ಗಾಯವನ್ನು ಶುಭ್ರವಾದ ಬಟ್ಟೆಯಿಂದ ಬಲವಾಗಿ ಅದುಮಿ ಹಿಡಿದು ಕೈಯನ್ನು ಎತ್ತರದಲ್ಲಿ ಇರಿಸಬೇಕು. ಅರಿಸಿನ, ಕಾಫಿಪುಡಿ, ಬೂದಿ ಯಾವುದನ್ನೂ ತುಂಬಬಾರದು. ಬೆರಳು ತುಂಡಾಗಿ ಬಿದ್ದಿದ್ದರೆ ಅದನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯುಳ್ಳ ಪಾತ್ರೆಯಲ್ಲಿ ಇಟ್ಟು ರೋಗಿಯೊಡನೆ ಕಳುಹಿಸತಕ್ಕದ್ದು. ಬೆರಳಿಗೆ ಮಂಜುಗಡ್ಡೆಯಾಗಲಿ ನೀರಾಗಲಿ ನೇರವಾಗಿ ತಗಲಬಾರದು. ಇಂಥ ಶಸ್ತ್ರಚಿಕಿತ್ಸೆಯು ಯಾವ ಊರಿನ ಆಸ್ಪತ್ರೆಯಲ್ಲಿ ನಡೆಯುವುದೆಂಬುದನ್ನು ಸುಗ್ಗಿಗೆ ಮೊದಲೇ ವಿಚಾರಿಸಿ ಅದೇ ಪುಸ್ತಕದ ಮೊದಲನೆಯ ಪುಟದಲ್ಲಿ ಬರೆದಿಡುವುದೂ, ರಾತ್ರಿಯಲ್ಲಿ ಹೊರಡಲು ಯಾರ ಮನೆಯ ಗಾಡಿಯೆಂಬುದನ್ನು ಗೊತ್ತುಮಾಡಿಡುವುದೂ ಮುಖಂಡರಿಗೆ ಸೇರಿದ ಕೆಲಸ.